ಎರಡನೇ ಚರಣದ ಕೆಮ್ಮು

ಇಪ್ಪತ್ತು ವರ್ಷಗಳ ನಂತರ ಗಾಯಕ ತನ್ನದೇ ಹಳೆಯ ಆಲ್ಬಮ್ಮಿನ ಹಾಡು ಹಾಡಲು ಆ ಊರಿಗೆ ಬಂದಿದ್ದ. ಸಂಜೆಯ ಕಾರ್ಯಕ್ರಮಕ್ಕೆ ಬೆಳಿಗ್ಗೆ ಅಭ್ಯಾಸ ನಡೆದಿತ್ತು. ಎರಡನೇ ಚರಣ ಮುಗಿಯುವಷ್ಟರಲ್ಲಿ ಆರ್ಕೆಸ್ಟ್ರಾ ನಡೆಸುವ ಮೇಷ್ಟ್ರು ಕೈಯೆತ್ತಿ ವಾದ್ಯಗಳನ್ನೆಲ್ಲ ನಿಲ್ಲಿಸಿದರು.

“ಸಾರ್, ಇಲ್ಲಿ ಕೆಮ್ಮು ಬಿಟ್ಟುಹೋಯ್ತು.”

“ಯಾವ ಕೆಮ್ಮು?”

ಮೇಷ್ಟ್ರು ಆ ಆಲ್ಬಮ್ಮಿನ ಸ್ವರಲಿಪಿ ಪುಸ್ತಕ ತೆರೆದು ತೋರಿಸಿದರು. ಪಂಚಮಕ್ಕೂ ಧೈವತಕ್ಕೂ ನಡುವೆ ‘ಕೆಮ್ಮು’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು.

“ಅಯ್ಯೋ, ರೆಕಾರ್ಡಿಂಗ್ ದಿನ ನನಗೆ ನೆಗಡಿಯಾಗಿತ್ತು ಮೇಷ್ಟ್ರೇ. ಆ ಕೆಮ್ಮು ಕೇಳಿದಾಗೆಲ್ಲ ನಾಚಿಕೆಯಾಗತ್ತೆ. ಇವತ್ತಾದ್ರೂ ಸರಿಯಾಗಿ ಹಾಡೋಣ ಅಂತಲೇ ಬಂದಿದೀನಿ.”

“ಪುಸ್ತಕದಲ್ಲಿ ಇದೆಯಲ್ಲ ಸಾರ್. ಈ ಊರಲ್ಲಿ ಎಲ್ಲರಿಗೂ ಇದನ್ನೇ ಇಟ್ಕೊಂಡು ಕಲಿಸಿದೀನಿ. ಪರೀಕ್ಷೇಲಿ ಕೆಮ್ಮದವರಿಗೆ ಮಾರ್ಕ್ಸೂ ಕಟ್ ಮಾಡಿದೀನಿ.”

“ಇದಕ್ಕೆ ರಾಗ ಹಾಕಿ ಹಾಡಿದವನೇ ನಾನು ಕಣ್ರೀ!”

“ಇರಬಹುದು. ಆದ್ರೆ ನಿಮ್ಮ ಹತ್ರ ಪುಸ್ತಕ ಇಲ್ವಲ್ಲ.”

ಗಾಯಕನಿಗೆ ಸಿಟ್ಟು ನೆತ್ತಿಗೇರಿತು. ಏನಾದರಾಗಲಿ, ಕೆಮ್ಮುವುದಿಲ್ಲ ಎಂದು ಹಟ ಹಿಡಿದ.

ಸಂಜೆ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಎರಡನೇ ಚರಣದ ಕೊನೆಯಲ್ಲಿ ಗಾಯಕ ಕಣ್ಣು ಮುಚ್ಚಿ ಪಂಚಮದಿಂದ ಧೈವತಕ್ಕೆ ನುಣ್ಣಗೆ ಏರಿದ. ಇಪ್ಪತ್ತು ವರ್ಷಗಳಿಂದ ಅವನು ಕಾಯುತ್ತಿದ್ದದ್ದು ಈ ಒಂದು ಸ್ವರಕ್ಕೆ.

ಅದೇ ಕ್ಷಣಕ್ಕೆ, ಮುಂದಿನ ಸಾಲಿನ ಅಜ್ಜಿಯರಿಂದ ಹಿಡಿದು ಬಾಗಿಲ ಬಳಿಯ ವಾಚ್‌ಮನ್‌ವರೆಗೆ, ಇಡೀ ಸಭೆ ತಾಳ ತಪ್ಪದೆ ಕೆಮ್ಮಿತು.