ಓದು ಬಾರದವರ ಜಾಗ

ವಿಶಾಖಾಳ ಬೆರಳು ಕಾರ್ಡಿನ ಮೊದಲ ಪದದ ಮೇಲೆಯೇ ನಿಂತಿತ್ತು. “ಬರೂದಿಲ್ರಿ ಟೀಚರ್.” ಮೂರು ತಿಂಗಳಿಂದ ಇದೇ ಉತ್ತರ.

ಬಾಗಿಲಲ್ಲಿದ್ದ ಅವಳ ಅಜ್ಜಿ ಚಂದ್ರಾಬಾಯಿ ನಕ್ಕಳು. “ಸುಳ್ಳ ಹೇಳ್ತಾಳ್ರಿ ಅಕ್ಕೋರ. ನಿನ್ನೆ ವಿಜಾಪುರ ಸ್ಟ್ಯಾಂಡಿನ್ಯಾಗ ನಾ ತಪ್ಪಿ ತಿಕೋಟಾ ಬಸ್ ಹತ್ತಿದ್ನಿ. ಈಕಿನ ಬೋರ್ಡ್ ಓದಿ, ‘ಆಯಿ, ಇದು ಬಬಲೇಶ್ವರಕ್ಕ ಹೋಗೂದಿಲ್ಲ, ಇಳಿ ಬೇ’ ಅಂತ ಸೀರಿ ಹಿಡದ ಜಗ್ಗಿದ್ಲು.”

ರಾಜೇಶ್ವರಿ ಟೀಚರ ಪೆನ್ನು ಪ್ರಗತಿ ಪಟ್ಟಿಯ ಮೇಲೆ ಗಾಳಿಯಲ್ಲೇ ನಿಂತಿತು. ಬಸ್ ಸ್ಟ್ಯಾಂಡಿನಲ್ಲಿ ಬರುವ ಓದು ಶಾಲೆಯಲ್ಲಿ ಬಾರದಿದ್ದರೆ ಏನು ಬರೆಯಬೇಕೆಂದು ಯಾವ ತರಬೇತಿಯಲ್ಲೂ ಹೇಳಿರಲಿಲ್ಲ. “ಮತ್ತ ಇಲ್ಲಿ ಯಾಕ ಓದೂದಿಲ್ಲವಾ?”

ವಿಶಾಖಾ ಗೋಡೆಯ ಕಡೆ ನೋಡಿದಳು. ಓದು ಬಂದ ಮೂವರು ಅಲ್ಲಿ ತಮ್ಮಷ್ಟಕ್ಕೆ ಓದಿಕೊಳ್ಳುತ್ತಿದ್ದರು. ಬಾರದವರಿಗೆ ಮಾತ್ರ ಟೀಚರ ಪಕ್ಕದ ಜಾಗ. “ಓದಿದ್ರ ಅಲ್ಲಿ ಕುಂದ್ರಸ್ತೀರಿ. ಅಲ್ಲಿ ಓದಿದ್ದು ಯಾರೂ ಕೇಳೂದಿಲ್ರಿ.”

ಟೀಚರ್ ಪೆನ್ನಿಗೆ ಮುಚ್ಚಳ ಹಾಕಿದರು. “ಆತು, ಇಲ್ಲೇ ಕುಂದ್ರು. ಓದು, ನಾ ಕೇಳ್ತೀನಿ.”

ವಿಶಾಖಾ ಎಲ್ಲಿಯೂ ತಡವರಿಸದೆ ಇಡೀ ಕಾರ್ಡು ಓದಿದಳು. ಟೀಚರ್ ತಲೆಯೆತ್ತಿದರೆ, ತರಗತಿಯಲ್ಲೇ ಎಲ್ಲರಿಗಿಂತ ಚೆನ್ನಾಗಿ ಓದುವ ಕಾವ್ಯಾ ಗೋಡೆ ಬಿಟ್ಟು ಬಂದು ಎದುರಿಗೆ ನಿಂತಿದ್ದಳು.

“ಟೀಚರ್, ನನಗೂ ಓದೂದು ಮರ್ತೈತ್ರಿ.”