ಅತ್ತೆ ಮುಚ್ಚದ ಪುಟ

ಲ್ಯಾಪ್‌ಟಾಪಿಗೆ ಅತ್ತೆಯ ಫೋನು ಸಿಕ್ಕಿಸಿ ಸೊಸೆ ‘ಅಳಿಸು’ ಎಂಬಲ್ಲಿ ಇನ್ನೇನು ಒತ್ತಬೇಕು, ಅಷ್ಟರಲ್ಲಿ ಅತ್ತೆ ಅವಳ ಮಣಿಕಟ್ಟು ಹಿಡಿದುಕೊಂಡರು. “ಬೇಡಮ್ಮಾ, ಇರಲಿ ಬಿಡು.”

ಮನೆಮಂದಿ ಯಾರು ಎಲ್ಲಿದ್ದಾರೆಂದು ತೋರಿಸುವ ಆ ವೆಬ್ ಪುಟವನ್ನು ಬರೆದವಳು ಸೊಸೆಯೇ. ಹೊರಡುವಾಗ ‘ಹೊರಗೆ’, ಬಂದಾಗ ‘ಮನೆಯಲ್ಲಿ’. ಅವರವರ ಫೋನಿನಿಂದ ಅವರವರೇ ಒತ್ತಬೇಕು. ನಾಲ್ಕು ತಿಂಗಳ ಹಿಂದೆ ‘ಹೊರಗೆ’ ಒತ್ತಿ ಹೋದ ಮಾವ ಜೀವಂತವಾಗಿ ಮರಳಲಿಲ್ಲ. ಅವರ ಹೆಸರು ತೆಗೆದ ಹೊಸ ಪುಟ ಎಲ್ಲರ ಫೋನಿಗೂ ಬಂತು, ಅತ್ತೆಯದಕ್ಕೆ ಮಾತ್ರ ಬರಲಿಲ್ಲ. ಹಳೆಯದನ್ನು ಮುಚ್ಚುವ ತನಕ ಹೊಸದು ಹೊಸ್ತಿಲಲ್ಲೇ ಕಾಯುತ್ತದೆ. ಅತ್ತೆ ಅದನ್ನು ಒಂದು ದಿನವೂ ಮುಚ್ಚಿರಲಿಲ್ಲ.

“ಅತ್ತೆ, ಇದು ಫೋನು ಎತ್ತಿಟ್ಟುಕೊಂಡಿರೋ ಹಳೇ ಪ್ರತಿ ಅಷ್ಟೆ. ನೋಡಿ, ನೆಟ್ ಆಫ್ ಮಾಡಿದೀನಿ, ಆದ್ರೂ ಅದನ್ನೇ ತೋರಿಸ್ತಿದೆ.”

“ಹಾಗಾದ್ರೆ ನಿನ್ನೆವರೆಗೂ ‘ಹೊರಗೆ’ ಅಂತಿದ್ದದ್ದು ಇವತ್ತು ಹೇಗೆ ಬದಲಾಯ್ತು?”

ಸೊಸೆ ನಗುತ್ತಲೇ ಫೋನಿನತ್ತ ಬಗ್ಗಿದಳು. ಮಾವನ ಹೆಸರಿನ ಮುಂದೆ ‘ಮನೆಯಲ್ಲಿ’ ಎಂದಿತ್ತು. ನಗು ಅಲ್ಲೇ ನಿಂತಿತು. ಫೋನಿನೊಳಗೆ ಉಳಿದಿದ್ದ ಪ್ರತಿಯನ್ನು ಲ್ಯಾಪ್‌ಟಾಪಿನಲ್ಲಿ ಬಿಚ್ಚಿ ನೋಡಿದಳು. ನಾಲ್ಕು ತಿಂಗಳ ಹಿಂದಿನದೇ ತಾರೀಖು. ಅದರಲ್ಲಿ ‘ಹೊರಗೆ’ ಎಂದೇ ಇತ್ತು. ಮಾವನ ಫೋನು ಬ್ಯಾಟರಿ ಸತ್ತು, ಬೀಗ ಹಾಕಿದ ಬೀರುವಿನಲ್ಲಿತ್ತು. ಬೀಗದ ಕೈ ಅವಳ ಹತ್ತಿರವೇ ಇತ್ತು.

“ಅತ್ತೇ!” ಅವಳಿಗೇ ಗೊತ್ತಿಲ್ಲದೆ ದನಿ ಏರಿತು.

ಅತ್ತೆ ತುಟಿಯ ಮೇಲೆ ಬೆರಳಿಟ್ಟು, ಒಳಕೋಣೆಯ ಕಡೆ ಒಮ್ಮೆ ನೋಡಿದರು.

“ಮೆಲ್ಲಗೆ ಕಣೇ. ಈಗಷ್ಟೇ ಮಲಗಿದ್ದಾರೆ.”