ಲೋಟದಲ್ಲಿ ಉಳಿದ ಚಹಾ

"ನಾನು ಹೇಳೋದರಲ್ಲಿ ಒಂದಕ್ಷರ ಸುಳ್ಳಿದ್ರೂ ಈ ಬಿಸ್ಕತ್ತು ನನ್ನ ಗಂಟಲಲ್ಲೇ ಸಿಕ್ಕಿಕೊಳ್ಳಲಿ ಸಾರ್," ಎಂದು ಸಂಶೋಧಕ ಡಾಕ್ಟರು ಆಣೆ ಇಟ್ಟರು.

"ಸಿಕ್ಕಿಕೊಂಡ್ರೆ ತೆಗೆಯೋಕೆ ಈ ಆಸ್ಪತ್ರೆ ತುಂಬ ಡಾಕ್ಟ್ರಿದ್ದಾರೆ. ಬೇರೆ ಆಣೆ ಇಡಿ," ಎಂದರು ಸಂಶೋಧನಾ ಸಮಿತಿಯ ಅಧ್ಯಕ್ಷರು. ತೀವ್ರ ನಿಗಾ ಘಟಕಕ್ಕೆ ಅಂಟಿಕೊಂಡ ಚಹಾ ಕೋಣೆ ಅದು. ನಡುವೆ ಒಂದು ಗಾಜಿನ ಗೋಡೆ. ಲಿಫ್ಟ್ ಕೆಟ್ಟು ನಾಲ್ಕು ಮಹಡಿ ಹತ್ತಿ ಬಂದಿದ್ದ ಅಧ್ಯಕ್ಷರು ಬೆವರೊರೆಸಿಕೊಂಡು, ಡಾಕ್ಟರ ಮೂರು ವರ್ಷದ ಸಂಶೋಧನೆಯನ್ನು ನಿಲ್ಲಿಸುವ ಕಾಗದವನ್ನು ಮೇಜಿನ ಮೇಲೆ ಹರಡಿದರು. "ರೋಗಿ ಕುಸಿಯೋದಕ್ಕೆ ಮುಂಚೆನೇ ತಿಳಿಸೋ ಯಂತ್ರ ಮಾಡ್ತೀನಿ ಅಂದ್ರಿ. ಈಗ ಚಹಾ ಅಳೀತಾ ಕೂತಿದ್ದೀರಂತೆ?"

"ಯಂತ್ರ ಮಾಡಿದೆ ಸಾರ್. ದಿನಕ್ಕೆ ಇನ್ನೂರು ಸಲ 'ತೋಳ ಬಂತು ತೋಳ' ಅಂತ ಕೂಗ್ತು. ರೋಗಿ ಆಕಳಿಸಿದ್ರೂ ಕೂಗ್ತು. ಆದ್ರೆ ನಮ್ಮ ಹೆಡ್ ಸಿಸ್ಟರ್ ಕುಡೀತಾ ಇದ್ದ ಚಹಾ ಬಿಟ್ಟು ಎದ್ದು ಯಾವ ಹಾಸಿಗೆ ಹತ್ರ ಹೋಗಿ ನಿಂತ್ರೂ, ಕಾಲು ಗಂಟೆಯೊಳಗೆ ಆ ರೋಗಿ ಕುಸೀತಿದ್ದ. ಯಾಕೆ ಎದ್ರಿ ಅಂದ್ರೆ, 'ಯಾಕೋ ಸರಿ ಅನ್ನಿಸ್ಲಿಲ್ಲ' ಅಂತಾರೆ, ಅಷ್ಟೇ. ಅದನ್ನ ಹೇಗೆ ಅಳೆಯೋದು? ಲೋಟದಲ್ಲಿ ಉಳಿದ ಚಹಾನ ಸಿರಿಂಜಲ್ಲಿ ಎಳೆದು ಅಳೆದೆ. ಅರ್ಧ ಉಳಿದ್ರೆ ರಕ್ತದೊತ್ತಡ. ಮುಕ್ಕಾಲು ಉಳಿದ್ರೆ ಉಸಿರು. ಬಾಯಿಗೇ ಇಡದೆ ಎದ್ರೆ ಹೃದಯ."

"ಬಾಯಿಗೇ ಇಡದೆ ಎಷ್ಟು ಸಲ ಎದ್ದಿದ್ದಾರೆ?"

"ನಾಲ್ಕೇ ಸಲ. ಮೊದಲೇ ಗೊತ್ತಾಗಿದ್ದಕ್ಕೆ ನಾಲ್ಕು ಜನಾನೂ ಬದುಕಿ, ನಡ್ಕೊಂಡೇ ಮನೆಗೆ ಹೋದ್ರು."

ಅಧ್ಯಕ್ಷರು ಎಡಭುಜ ನೀವಿಕೊಂಡರು. "ಕಾಗೆ ಹಾರಿಸೋಕೂ ಒಂದು ಮಿತಿ ಬೇಡ್ವಾ ಡಾಕ್ಟ್ರೇ?"

"ಒಂದೇ ತೊಂದರೆ ಆಯ್ತು," ಎಂದು ಡಾಕ್ಟರು ಕಾಗೆಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಮುಂದುವರಿಸಿದರು. "ಸುದ್ದಿ ಹೊರಗೆ ಹೋಯ್ತು. ಆರನೇ ಹಾಸಿಗೆಯವರ ಹೆಂಡತಿ ಬಂದು, 'ಅಕ್ಕಾ, ನಿಮ್ಮ ದಮ್ಮಯ್ಯ, ತಳದ ತನಕ ಕುಡಿದುಬಿಡಿ' ಅಂತ ಫ್ಲಾಸ್ಕ್ ಹಿಡ್ಕೊಂಡು ನಿಂತ್ರು. ಅವರನ್ನ ನೋಡಿ ಐದನೆಯವರ ಅತ್ತೆ. ಸಿಸ್ಟರ್ ಆವತ್ತು ಏಳು ಲೋಟ ಕುಡಿದ್ರು. ಆ ದಿನದ್ದು ಲೆಕ್ಕಕ್ಕೆ ಹಿಡಿದಿಲ್ಲ ಸಾರ್."

"ಒಂಬತ್ತು," ಎಂದು ಪಕ್ಕದ ಮೇಜಿನಿಂದ ದನಿ ಬಂತು. ಹೆಡ್ ಸಿಸ್ಟರ್ ಅಲ್ಲೇ ಕೂತು ಬಿಸಿ ಚಹಾ ಊದುತ್ತಿದ್ದರು. "ಎರಡು ದಿನ ಎದೆಯುರಿ. ಅದನ್ನೂ ಬರ್ಕೊಳ್ಳಿ. ಸಾರ್, ನೀವು ಬಿಸ್ಕತ್ತು ತಗೊಳ್ಳಲಿಲ್ಲ."

"ಬೇಡಮ್ಮ, ಹೊಟ್ಟೆ ಯಾಕೋ ತೊಳಸಿದ ಹಾಗಿದೆ. ಮೆಟ್ಟಿಲು ಹತ್ತಿ ಭುಜ ಬೇರೆ ಹಿಡ್ಕೊಂಡಿದೆ."

ಸಿಸ್ಟರ್ ಊದುವುದನ್ನು ನಿಲ್ಲಿಸಿದರು.

ಅಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆದು ಸಹಿಯ ಜಾಗ ಹುಡುಕಿದರು. "ನೀವು ಕೇಳಿ ಸಿಸ್ಟರ್, ಬೇಜಾರು ಮಾಡ್ಕೋಬೇಡಿ. ಒಬ್ಬರು ಚಹಾ ಬಿಟ್ಟು ಎದ್ದು ಹೋದ್ರೆ ಅದನ್ನ ವಿಜ್ಞಾನ ಅಂತ ನಾನು ಸಮಿತಿ ಮುಂದೆ ಯಾವ ಮುಖ ಇಟ್ಕೊಂಡು—"

ಕೇಳಬೇಕಾದವರು ಆಗಲೇ ಬಾಗಿಲು ದಾಟಿದ್ದರು.

ಡಾಕ್ಟರ ಕೈ ಅಭ್ಯಾಸಬಲದಿಂದ ಜೇಬಿನ ಸಿರಿಂಜಿಗೆ ಹೋಯಿತು. ಅಳೆಯುವ ಅಗತ್ಯವೇ ಬೀಳಲಿಲ್ಲ. ಲೋಟ ಅಂಚಿನ ತನಕ ತುಂಬಿತ್ತು. ಅವರು ದಡಬಡಿಸಿ ಎದ್ದು ಗಾಜಿಗೆ ಮೂಗು ಒತ್ತಿ ಹನ್ನೆರಡು ಹಾಸಿಗೆಗಳನ್ನೂ ನೋಡಿದರು. ಪರದೆಗಳ ಮೇಲೆ ಹನ್ನೆರಡು ಗೆರೆಗಳೂ ಶಿಸ್ತಾಗಿ ಓಡುತ್ತಿದ್ದವು. ಆರನೆಯವರು ತಲೆ ಬಾಚಿಕೊಳ್ಳುತ್ತಿದ್ದರು.

ಸಿಸ್ಟರ್ ಯಾವ ಹಾಸಿಗೆಯ ಬಳಿಯೂ ನಿಂತಿರಲಿಲ್ಲ. ಖಾಲಿ ಗಾಲಿಕುರ್ಚಿಯೊಂದನ್ನು ತಳ್ಳಿಕೊಂಡು, ಹನ್ನೆರಡೂ ಹಾಸಿಗೆಗಳಿಗೆ ಬೆನ್ನು ಹಾಕಿ, ಸೀದಾ ಚಹಾ ಕೋಣೆಗೆ ಬರುತ್ತಿದ್ದರು.